ನೂರು ಕಿಲೋ ಡಿಶ್‌ವಾಶ್ ಲಿಕ್ವಿಡ್: ತಕ್ಕಡಿಗಿಂತ ಮೊದಲು ಕಾಗದದ ಲೆಕ್ಕ

ಪಾತ್ರೆ ತೊಳೆಯುವ ಲಿಕ್ವಿಡ್ ಮಾಡುವ ಸಣ್ಣ ಘಟಕಗಳಲ್ಲಿ ಬ್ಯಾಚ್ ಕೆಡುವುದು ಹೆಚ್ಚಾಗಿ ಕಾಸ್ಟಿಕ್ ಸೋಡಾ ತೂಗುವ ಹೊತ್ತಿನಲ್ಲೇ. ಜಿಡ್ಡು ತೆಗೆಯುವ ಮುಖ್ಯ ವಸ್ತುವಾದ ಆಸಿಡ್ ಸ್ಲರಿ ಕಡು ಆಮ್ಲ, ಅದನ್ನು ತಟಸ್ಥಗೊಳಿಸುವುದು ಈ ಕಾಸ್ಟಿಕ್. ‘ಹತ್ತು ಕಿಲೋ ಆಸಿಡ್ ಸ್ಲರಿಗೆ ಇಷ್ಟು ಕಾಸ್ಟಿಕ್’ ಎಂಬ ಬಾಯಿಲೆಕ್ಕ ಒಂದು ಡ್ರಮ್‌ಗೆ ಹೊಂದುತ್ತದೆ, ಮುಂದಿನದಕ್ಕೆ ಕೈಕೊಡುತ್ತದೆ.

ಸೂತ್ರ ಹೀಗಿರಲಿ: ಆಸಿಡ್ ಸ್ಲರಿ 10 ಕಿಲೋ, ಶೇ 70ರ ಎಸ್‌ಎಲ್‌ಇಎಸ್ ಪೇಸ್ಟ್ (ನೊರೆ ಕೊಟ್ಟು ಜಿಡ್ಡು ತೆಗೆಯುವ ಇನ್ನೊಂದು ವಸ್ತು) 5 ಕಿಲೋ, ಉಪ್ಪು ಗರಿಷ್ಠ 1 ಕಿಲೋ, ಬಣ್ಣ-ಪರಿಮಳ-ಪ್ರಿಸರ್ವೇಟಿವ್ ಸೇರಿ 300 ಗ್ರಾಂ. ಉಳಿದದ್ದು ಕಾಸ್ಟಿಕ್ ಮತ್ತು ನೀರು.

ಮೊದಲು ಕಾಸ್ಟಿಕ್. ಡ್ರಮ್ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಎರಡು ಅಂಕಿ ನೋಡಿ: ಆ್ಯಕ್ಟಿವ್ (ಕೊಳೆ ತೆಗೆಯುವ ಅಂಶ) ಎಷ್ಟು, ಅದರೊಡನೆ ಬೆರೆತುಳಿದ ಬಿಡಿ ಸಲ್ಫ್ಯೂರಿಕ್ ಆಮ್ಲ ಎಷ್ಟು. ಒಂದು ಕಿಲೋ ಆ್ಯಕ್ಟಿವ್‌ಗೆ 0.123 ಕಿಲೋ ಶುದ್ಧ ಕಾಸ್ಟಿಕ್ ಬೇಕು. ಒಂದು ಕಿಲೋ ಸಲ್ಫ್ಯೂರಿಕ್‌ಗೆ 0.816 ಕಿಲೋ. ಆ್ಯಕ್ಟಿವ್ ಶೇ 96, ಸಲ್ಫ್ಯೂರಿಕ್ ಶೇ 1 ಇದ್ದರೆ 9.6 × 0.123 ಮತ್ತು 0.1 × 0.816 ಕೂಡಿ 1.26 ಕಿಲೋ. ಶೇ 98 ಶುದ್ಧತೆಯ ಕಾಸ್ಟಿಕ್ ಫ್ಲೇಕ್ಸ್ (ಚಕ್ಕೆ) ಆದರೆ 1.29 ಕಿಲೋ ತೂಗಬೇಕು.

ಅಗ್ಗವೆಂದು ತಂದ ಸ್ಲರಿಯಲ್ಲಿ ಆ್ಯಕ್ಟಿವ್ ಶೇ 90, ಸಲ್ಫ್ಯೂರಿಕ್ ಶೇ 7 ಇದೆ ಎನ್ನಿ. ಆ್ಯಕ್ಟಿವ್ ಇಳಿಯಿತಲ್ಲ, ಕಾಸ್ಟಿಕ್ ಕಡಿಮೆ ಸಾಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ 1.11 ಮತ್ತು 0.57 ಸೇರಿ 1.68 ಕಿಲೋ, ಅಂದರೆ ಮೂರನೇ ಒಂದು ಭಾಗ ಹೆಚ್ಚೇ! ಹಳೆಯ ಅಳತೆಯಲ್ಲೇ ಹಾಕಿದರೆ ಬ್ಯಾಚ್‌ನ ಪಿಎಚ್ (ಆಮ್ಲೀಯತೆಯ ಅಳತೆ, 7 ಎಂದರೆ ತಟಸ್ಥ) 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಕೈ ಉರಿಯುತ್ತದೆ, ಕಬ್ಬಿಣದ ಪಾತ್ರೆ ತಿಂದುಹೋಗುತ್ತದೆ. ಮೇಲಾಗಿ ಆ ಸಲ್ಫ್ಯೂರಿಕ್ ಆಮ್ಲವೆಲ್ಲ ಸುಮಾರು 1 ಕಿಲೋ ಸೋಡಿಯಂ ಸಲ್ಫೇಟ್ ಆಗಿ ದ್ರವದಲ್ಲೇ ಕೂರುತ್ತದೆ. ಇದರ ಪರಿಣಾಮವನ್ನು ಉಪ್ಪಿನ ಹಂತದಲ್ಲಿ ನೋಡೋಣ.

ಇನ್ನು ನೀರು. ಮೊದಲ ಸ್ಲರಿಯ ಲೆಕ್ಕದಲ್ಲಿ 100ರಿಂದ 10, 5, 1.29, 1 ಮತ್ತು 0.3 ಕಳೆದರೆ 82.41 ಕಿಲೋ. ಇದನ್ನು ಮೂರು ಪಾಲು ಮಾಡಿ: ಕಾಸ್ಟಿಕ್ ಕರಗಿಸಲು 12, ದೊಡ್ಡ ಪಾತ್ರೆಗೆ 65, ಉಪ್ಪು ಕರಗಿಸಲು ಮತ್ತು ಬಕೆಟ್ ತೊಳೆದು ಸುರಿಯಲು ಉಳಿದ 5.41. ಸ್ಲರಿ ಅಂಟಿದ ಬಕೆಟ್ಟನ್ನು ಹಾಗೇ ಬದಿಗಿಟ್ಟರೆ ಆ್ಯಕ್ಟಿವ್ ಅಲ್ಲೇ ನಷ್ಟ.

ಶಾಖದ ಲೆಕ್ಕ ಹೆಚ್ಚಿನವರು ಹಾಕುವುದೇ ಇಲ್ಲ. ಕಾಸ್ಟಿಕ್ ಕರಗುವಾಗ ಕಿಲೋಗೆ ಸುಮಾರು 1,110 ಕಿಲೋಜೂಲ್ ಬಿಡುತ್ತದೆ. ಆಮ್ಲದೊಡನೆ ಸೇರುವಾಗ ಮತ್ತೆ ಸುಮಾರು 1,425. ಈ ಬ್ಯಾಚ್‌ಗೆ ಕ್ರಮವಾಗಿ 1,400 ಮತ್ತು 1,800 ಕಿಲೋಜೂಲ್. ಶಾಖ ಎಷ್ಟೇ ಇದ್ದರೂ ಉಷ್ಣತೆ ಏರುವುದು ನೀರಿನ ಪ್ರಮಾಣದ ಮೇಲೆ. 12 ಕಿಲೋ ನೀರಿನಲ್ಲಿ ಫ್ಲೇಕ್ಸ್ ಕರಗಿದರೆ 28 ಡಿಗ್ರಿಯ ನೀರು 56ರ ಹತ್ತಿರ ಹೋಗುತ್ತದೆ. ನೀರು 4 ಕಿಲೋ ಮಾತ್ರ ಇದ್ದರೆ ಕುದಿಯುವ ಹತ್ತಿರಕ್ಕೇ ಬಂದು ಸಿಡಿಯಬಹುದು. ಹಾಗಾಗಿ ಫ್ಲೇಕ್ಸನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಫ್ಲೇಕ್ಸ್ ಮೇಲೆ ನೀರು ಸುರಿಯಬೇಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ಕರಗಿಸಿ ಹೈಡ್ರೋಜನ್ ಹೊರಬಿಡುತ್ತದೆ.

ಈ ಬಿಸಿ ಕಾಸ್ಟಿಕ್ ನೀರನ್ನು ಆರಲು ಬಿಡದೆ 65 ಕಿಲೋ ನೀರಿಗೆ ಸೇರಿಸಿ. ಸೇರಿಸುವ ಮೊದಲು ಅದರಲ್ಲಿ ಸುಮಾರು ಶೇ 5ರಷ್ಟನ್ನು ಬೇರೆ ತೆಗೆದಿಡಿ. ಕಲಕುತ್ತಾ ಸ್ಲರಿಯನ್ನು ಸಣ್ಣ ಧಾರೆಯಾಗಿ ಬಿಡಿ. ಎರಡೂ ಶಾಖ ಸೇರಿ ಪಾತ್ರೆ 37 ಡಿಗ್ರಿಗೆ ಬರುತ್ತದೆ. ತೆಗೆದಿಟ್ಟದ್ದನ್ನು ಪಿಎಚ್ ನೋಡುತ್ತಾ ಹಾಕಿ, 7ರಿಂದ 8ರೊಳಗೆ ನಿಲ್ಲಿಸಿ. ಎಲ್ಲ ಹಾಕಿದರೂ ಪಿಎಚ್ ಏರದಿದ್ದರೆ ಫ್ಲೇಕ್ಸ್ ಚೀಲ ಬಾಯಿ ತೆರೆದು ತೇವ ಕುಡಿದಿರಬಹುದು.

ಎಸ್‌ಎಲ್‌ಇಎಸ್ ಈಗ ಬರಬೇಕು. ಶೇ 70ರ ಪೇಸ್ಟ್ ನೀರು ಕುಡಿಯುತ್ತಾ ಹೋದಂತೆ ನಡುವೆ ಗಟ್ಟಿ ಜೆಲ್ ಆಗುತ್ತದೆ. ತಣ್ಣೀರಿನಲ್ಲಿ ಆ ಗಂಟು ಗಂಟೆಗಟ್ಟಲೆ ಕರಗುವುದಿಲ್ಲ. ಬೆಚ್ಚಗಿರುವ ಪಾತ್ರೆಗೆ ತೆಳ್ಳಗೆ ಹರಡಿ ಹಾಕಿ, ನಿಧಾನ ಕಲಕಿ. ಇನ್ನೂ 10 ಡಿಗ್ರಿ ಬೇಕೆನಿಸಿದರೆ ಒಂದು ಯೂನಿಟ್ ಕರೆಂಟಿನಷ್ಟು ಶಾಖ, 2 ಕಿಲೋವಾಟ್ ಹೀಟರ್‌ನಲ್ಲಿ ಅರ್ಧ ಗಂಟೆ ಚಿಲ್ಲರೆ. ಮೊದಲೇ 65 ಕಿಲೋ ನೀರನ್ನು 60 ಡಿಗ್ರಿಗೆ ಕಾಯಿಸುವ ರೂಢಿ ಎರಡೂವರೆ ಯೂನಿಟ್ ತಿನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ದಂಡ.

ಬಣ್ಣ, ಪರಿಮಳ ತಣಿದ ಮೇಲೆ. ಉಪ್ಪನ್ನು ನೀರಲ್ಲಿ ಕರಗಿಸಿ ಕಂತುಗಳಲ್ಲಿ ಬಿಡಿ. ಮೊದಮೊದಲು ದಪ್ಪಗಾಗುತ್ತದೆ, ಒಂದು ಮಿತಿ ದಾಟಿದರೆ ಮತ್ತೆ ನೀರಾಗುತ್ತದೆ, ತೆಳುವಾಯಿತೆಂದು ಇನ್ನಷ್ಟು ಉಪ್ಪು ಹಾಕಿದರೆ ಇನ್ನೂ ತೆಳು. ಸಲ್ಫೇಟ್ ಆಗಲೇ ಒಂದು ಕಿಲೋ ಇರುವ ಬ್ಯಾಚ್‌ನಲ್ಲಿ ಆ ಮಿತಿ ಬೇಗ ಬರುತ್ತದೆ, ಚಳಿಗೆ ಮಂಜಾಗಲೂಬಹುದು. ಉಪ್ಪು ಉಳಿದರೆ ಅಷ್ಟೇ ತೂಕದ ನೀರು ಸೇರಿಸಿ ನೂರು ಮುಟ್ಟಿಸಿ.

ಸಾಂದ್ರತೆ 1.02 ಇದ್ದರೆ 500 ಮಿಲಿ ಬಾಟಲಿಗೆ 510 ಗ್ರಾಂ. ಎರಡು ಕಿಲೋ ಪಾತ್ರೆಗೆ ಅಂಟಿತೆಂದರೂ 192 ಬಾಟಲಿ ತುಂಬಬೇಕು. ನೊರೆ ಇಳಿಯುವ ಮುನ್ನ ಅಳತೆಗೆರೆ ನೋಡಿ ತುಂಬಿದರೆ ಸಂಖ್ಯೆ ಜಾಸ್ತಿ ಬರುತ್ತದೆ, ಮರುದಿನ ಬಾಟಲಿಯ ಮಟ್ಟ ಕೆಳಗಿಳಿದಿರುತ್ತದೆ. ತೂಗಿಯೇ ತುಂಬಿ.