ರಿಪೇರಿಯಾಗುವ ಲ್ಯಾಪ್‌ಟಾಪ್: ಕೊಳ್ಳುವಾಗ ಏನು ನೋಡಬೇಕು, ಬಿಚ್ಚುವಾಗ ಎಲ್ಲಿ ಎಡವುತ್ತೇವೆ

ಮೈಸೂರಿನ ಯಾವ ಅಂಗಡಿಗೆ ಹೋದರೂ ಲ್ಯಾಪ್‌ಟಾಪ್ ತೋರಿಸುವವರು ಮೊದಲು ಹೇಳುವುದು ಪ್ರೊಸೆಸರ್ ಹೆಸರು, ಆಮೇಲೆ ಎಷ್ಟು ಜಿಬಿ ಅಂತ. ನೀವು ಕೇಳಬೇಕಾದದ್ದು ಬೇರೆ: ‘ರ್‍ಯಾಮ್ ಸ್ಲಾಟಿನಲ್ಲಿದೆಯೋ, ಬೋರ್ಡಿಗೇ ಬೆಸುಗೆ ಹಾಕಿದ್ದಾರೋ?’ ನಾಲ್ಕು ವರ್ಷದ ಮೇಲೆ ಆ ಯಂತ್ರ ರಿಪೇರಿಯಾಗುತ್ತದೋ ಗುಜರಿಗೆ ಹೋಗುತ್ತದೋ ಅನ್ನುವುದು ಬಿಲ್ ಹರಿಯುವ ಮೊದಲೇ ತೀರ್ಮಾನವಾಗಿರುತ್ತದೆ.

ಭಾಗ ಭಾಗವಾಗಿ ಬದಲಿಸುವ ಲ್ಯಾಪ್‌ಟಾಪ್ ಎಂದರೆ ಈಗ ಎಲ್ಲರ ಬಾಯಲ್ಲೂ ಫ್ರೇಮ್‌ವರ್ಕ್ ಹೆಸರು. ಅಮೆರಿಕದ ಈ ಕಂಪನಿ 2021ರಲ್ಲಿ ತಂದ 13 ಇಂಚಿನ ಲ್ಯಾಪ್‌ಟಾಪಿನಲ್ಲಿ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆಯನ್ನೇ, ಅಂದರೆ ಮೇನ್‌ಬೋರ್ಡನ್ನೇ ತೆಗೆದು ಹೊಸ ಪೀಳಿಗೆಯದನ್ನು ಕೂರಿಸಬಹುದು. ಕವಚ, ಸ್ಕ್ರೀನ್, ಕೀಬೋರ್ಡ್ ಹಳೆಯವೇ ಇರುತ್ತವೆ. ಯೋಚನೆ ಸೊಗಸಾಗಿದೆ. ಆದರೆ ಬಿಡಿಭಾಗ ಕೈಗೆ ಸಿಗದ ಊರಿನಲ್ಲಿ ಎಷ್ಟು ಸಲೀಸಾಗಿ ಬಿಚ್ಚಿದರೇನು ಬಂತು? ನಮ್ಮ ಕಡೆ ಆ ಕೆಲಸಕ್ಕೆ ಒದಗುವುದು ಆಫೀಸುಗಳಿಗೆಂದೇ ತಯಾರಾದ ಮಾದರಿಗಳು: ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್ 5000 ಸರಣಿ, ಎಚ್‌ಪಿ ಎಲೈಟ್‌ಬುಕ್ 840. ಬಿಚ್ಚುವ ಕ್ರಮವನ್ನು ಸ್ಕ್ರೂ ಸಮೇತ ವಿವರಿಸುವ ಸರ್ವಿಸ್ ಮ್ಯಾನ್ಯುಯಲ್ ಮೂರು ಕಂಪನಿಯ ಜಾಲತಾಣದಲ್ಲೂ ಪುಕ್ಕಟೆ ಸಿಗುತ್ತದೆ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುವ ಸಂಭವ ಹೆಚ್ಚು.

ಸ್ಪೆಸಿಫಿಕೇಷನ್ ಓದುವುದು

ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ರ್‍ಯಾಮ್ ಬೆಸುಗೆಯದು ಎಂದೇ ತಿಳಿಯಿರಿ. ಬಿಚ್ಚಬಹುದಾದ ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆ 2024ರಲ್ಲಿ ಥಿಂಕ್‌ಪ್ಯಾಡ್ ಪಿ1 ಜೆನ್ 7ರೊಂದಿಗೆ ಬಂತು, ಆದರೆ ಅದಿನ್ನೂ ಅಪರೂಪ. ಬರೀ ಡಿಡಿಆರ್4 ಅಥವಾ ಡಿಡಿಆರ್5 ಅಂತಿದ್ದರೂ ಸ್ಲಾಟ್ ಇದ್ದೇ ಇದೆ ಎಂದಲ್ಲ. ‘ಎಸ್‌ಒ-ಡಿಮ್’ (ಸ್ಲಾಟಿಗೆ ಸಿಕ್ಕಿಸುವ ಪುಟ್ಟ ಮೆಮೊರಿ ಪಟ್ಟಿ) ಎಂಬ ಪದ ಕಾಣಬೇಕು. ಒಂದು ಅಕ್ಷರದಲ್ಲಿ ಎಷ್ಟು ವ್ಯತ್ಯಾಸ ನೋಡಿ: ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್, ಟಿ480ಎಸ್‌ನಲ್ಲಿ ಒಂದು ಸ್ಲಾಟ್, ಉಳಿದದ್ದು ಬೆಸುಗೆ. ಯಂತ್ರ ಎದುರಿಗೇ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ‘ಫಾರ್ಮ್ ಫ್ಯಾಕ್ಟರ್’ ಸಾಲು ನೋಡಿ. ‘ಸೋಡಿಮ್’ ಎಂದಿದ್ದರೆ ಸರಿ, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದಕ್ಕೆ ಕೈ ಹಾಕದಿರುವುದೇ ಲೇಸು. ವಿಂಡೋಸ್ 10ರ ಮಾಮೂಲಿ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿಯಿತು, 11 ಅಧಿಕೃತವಾಗಿ ಹಳೆಯ ಚಿಪ್‌ಗಳ ಮೇಲೆ ಕೂರುವುದಿಲ್ಲ. ಲಿನಕ್ಸ್ ಹಾಕುವವರಿಗೆ ಈ ಕಟ್ಟು ಇಲ್ಲ. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಯಂತ್ರದ ಸೆಟಿಂಗ್ಸ್) ತೆರೆಸಿ: ಪಾಸ್‌ವರ್ಡ್ ಕೇಳಿದರೆ ಬೇಡ ಅಂದುಬಿಡಿ, ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಸೆಲ್ ತೆಗೆದು ಹಾಕಿದರೆ ಹೋಗುವಂಥದ್ದಲ್ಲ. ವಿಂಡೋಸನ್ನು ನೆಟ್‌ಗೆ ಜೋಡಿಸಿ ಹೊಸದಾಗಿ ಶುರುಮಾಡಿದಾಗ ಯಾವುದೋ ಕಂಪನಿಯ ಹೆಸರು ಬಂದು ಲಾಗಿನ್ ಕೇಳಿದರೂ ಬಿಟ್ಟುಬಿಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಬಿಚ್ಚುವ ಮೊದಲು

ಬೇಕಾದದ್ದು ಪಿಎಚ್0 ಮತ್ತು ಪಿಎಚ್00 ಸ್ಕ್ರೂ ಡ್ರೈವರ್, ಅವಧಿ ಮುಗಿದ ಒಂದು ಎಟಿಎಂ ಕಾರ್ಡ್, ಒಂದು ಬಿಳಿ ಹಾಳೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಇದು ಚಿಲ್ಲರೆ ಕೆಲಸ ಅನ್ನಿಸಬಹುದು, ಆದರೆ ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಉದ್ದದ್ದು ಹಾಕಿ ತಿರುಗಿಸಿದರೆ ಅದು ಬೋರ್ಡಿಗೇ ಚುಚ್ಚುತ್ತದೆ, ಅಥವಾ ಮೇಲ್ಗಡೆ ಕೈಯಿಡುವ ಜಾಗ ಉಬ್ಬುತ್ತದೆ. ಬೆನ್ನಿನ ಕವಚದ ಸ್ಕ್ರೂ ಎಷ್ಟು ತಿರುಗಿಸಿದರೂ ಹೊರಗೆ ಬರದಿದ್ದರೆ ಹೆದರಬೇಡಿ, ಅವು ಕವಚದಲ್ಲೇ ಉಳಿಯುವಂಥವು. ಕಾರ್ಡನ್ನು ಹಿಂಜಿನ ಕಡೆಯಿಂದ ತೂರಿಸಿ ಮೆಲ್ಲಗೆ ಜಾರಿಸಿ. ಕ್ಲಿಪ್ ಬಿಡುವಾಗ ಟಕ್ ಎನ್ನುತ್ತದೆ. ಎಲ್ಲೋ ಒಂದು ಕಡೆ ಬಿಗಿ ಹಿಡಿದರೆ ಮೀಟಬೇಡಿ, ಸ್ಕ್ರೂ ಒಂದು ಬಾಕಿ ಇರುತ್ತದೆ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಬಯಾಸ್ ಅಪ್‌ಡೇಟ್ ಮಾಡಿದರೂ ಬೋರ್ಡ್ ಬದಲಿಸಿದರೂ ಅದು 48 ಅಂಕಿಯ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಕಡತಗಳ ಆಸೆ ಬಿಟ್ಟಂತೆಯೇ.

ಕವಚ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಪವರ್ ಆಫ್ ಮಾಡಿದ್ದರೂ ಬೋರ್ಡಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಕನೆಕ್ಟರನ್ನು ತಂತಿ ಹಿಡಿದು ಎಳೆಯಬೇಡಿ, ಎರಡು ಪಕ್ಕದಲ್ಲೂ ಉಗುರು ಕೊಟ್ಟು ಸರಿಸಿ. ಟಿ480ರಂಥ ಥಿಂಕ್‌ಪ್ಯಾಡುಗಳಲ್ಲಿ ಇನ್ನೂ ಸುಲಭ: ಬಯಾಸ್‌ನ ಪವರ್ ಪುಟದಲ್ಲೇ ಒಳಗಿನ ಬ್ಯಾಟರಿ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಒತ್ತಿದರೆ ಮತ್ತೆ ಚಾರ್ಜರ್ ಚುಚ್ಚುವವರೆಗೆ ಯಂತ್ರ ಎಚ್ಚರಗೊಳ್ಳುವುದಿಲ್ಲ. ಹೊರಗಿನ ಬ್ಯಾಟರಿಯನ್ನಂತೂ ಕೈಯಲ್ಲೇ ಕಳಚಬಹುದು.

ರ್‍ಯಾಮ್, ಎಸ್‌ಎಸ್‌ಡಿ

ಡಿಡಿಆರ್4 ಎಸ್‌ಒ-ಡಿಮ್‌ಗೆ 260 ಪಿನ್, ಡಿಡಿಆರ್5ಕ್ಕೆ 262. ಕಚ್ಚಿನ ಜಾಗ ಬೇರೆ, ಅದಕ್ಕೇ ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಹೋಗುತ್ತದೆ. ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಪಟ್ಟಿ ಹೆಚ್ಚೂಕಡಿಮೆ ಮರೆಯಾದ ಮೇಲೆ ಕೆಳಗೆ ಒತ್ತಿ. ಎರಡೂ ಪಕ್ಕದ ಕೊಕ್ಕೆ ಕಚ್ಚಿಕೊಳ್ಳಬೇಕು. ಹೊಸ ರ್‍ಯಾಮ್ ಹಾಕಿದ ಮೊದಲ ಸಲ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಾಗೇ ಇರಬಹುದು, ಡಿಡಿಆರ್5ರಲ್ಲಿ ಇನ್ನೂ ಹೆಚ್ಚು. ಯಂತ್ರ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ನಡುವೆ ಪವರ್ ಬಟನ್ ಒತ್ತುವವರೇ ಜಾಸ್ತಿ. ಬೇರೆ ಬೇರೆ ವೇಗದ ಎರಡು ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅಷ್ಟೇ.

ಕಡತಗಳನ್ನು ಇಡುವ, ಪಟ್ಟಿಯಾಕಾರದ ಎಂ.2 ಎಸ್‌ಎಸ್‌ಡಿ ಕೊಳ್ಳುವಾಗ ಎರಡು ವಿಷಯ. ಒಂದು ಉದ್ದ: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ಲ್ಯಾಪ್‌ಟಾಪಿಗೆ 2242 ಅಥವಾ 2230 ಮಾತ್ರ ಹಿಡಿಸುತ್ತದೆ. ಇನ್ನೊಂದು ಬಗೆ: ಬೋರ್ಡಿನೊಡನೆ ಮಾತಾಡುವ ರೀತಿ ಎನ್‌ವಿಎಂಇಯೋ ಸಾಟಾವೋ. ಸ್ಲಾಟ್ ಒಂದೇ ಥರ ಕಂಡರೂ ಬೋರ್ಡಿಗೆ ಒಪ್ಪದಿದ್ದರೆ ಬಯಾಸ್‌ನಲ್ಲಿ ಅದು ಕಾಣಿಸುವುದೇ ಇಲ್ಲ. ಕೊನೆಯ ಪುಟ್ಟ ಸ್ಕ್ರೂ ಪೊಟ್ಟಣದಲ್ಲಿ ಬರದಿರುವುದು ಮಾಮೂಲಿ. ಸಾಮಾನ್ಯವಾಗಿ ಎಂ2 ಅಳತೆಯ (2 ಮಿ.ಮೀ. ದಪ್ಪದ), 3 ಮಿ.ಮೀ. ಉದ್ದದ ಸ್ಕ್ರೂ ಹಿಡಿಸುತ್ತದೆ, ಮೊದಲೇ ತಂದಿಟ್ಟುಕೊಳ್ಳಿ.

ಬ್ಯಾಟರಿ, ಫ್ಯಾನ್, ಧೂಳು

ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಡಿಸೈನ್ ಕೆಪ್ಯಾಸಿಟಿ 50,000 ಇದ್ದು ಫುಲ್ ಚಾರ್ಜ್ 28,000ಕ್ಕೆ ಬಂದಿದ್ದರೆ ಬದಲಿಸುವ ಹೊತ್ತಾಗಿದೆ. ಟಚ್‌ಪ್ಯಾಡ್ ಕ್ಲಿಕ್ ಆಗದೆ ಮೇಲೆದ್ದರೆ ಬ್ಯಾಟರಿ ಉಬ್ಬಿದೆಯೆಂದೇ ಲೆಕ್ಕ. ಚಾರ್ಜ್ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ, ಚುಚ್ಚಬೇಡಿ, ಒತ್ತಿ ಸಪಾಟು ಮಾಡಲು ಹೋಗಬೇಡಿ, ಮನೆ ಮುಂದೆ ಬರುವ ಕಸದ ಆಟೋಗೆ ಹಾಕಬೇಡಿ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಬೇಕು. ಹೊಸದನ್ನು ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿಯೇ ತರಿಸಿ, ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು.

ಮಂಡ್ಯದ ಕಡೆ ಆಲೆಮನೆ ಹತ್ತಿರದ ಮನೆಗಳಲ್ಲಿ ಫ್ಯಾನಿಗೆ ಕೂರುವುದು ಬರೀ ಧೂಳಲ್ಲ, ಹೊಗೆಯ ಮಸಿ ಸೇರಿ ಜಿಗುಟಾದ ಪದರ. ಬ್ಲೋವರ್ ಊದಿದರೆ ಅದು ಹೋಗುವುದಿಲ್ಲ. ಫ್ಯಾನ್ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಕಿವಿಕಡ್ಡಿಯಲ್ಲಿ ರೆಕ್ಕೆ ರೆಕ್ಕೆ ಒರೆಸಬೇಕು. ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿರಿ, ಸುಮ್ಮನೆ ಗಿರ್ರನೆ ತಿರುಗಿಸಿದರೆ ಬೇರಿಂಗ್ ಸವೆಯುತ್ತದೆ. ಚಿಪ್ಪಿನ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್ ತೆಗೆದರೆ, ಅವೆರಡರ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ಹೊಸದೇ ಬೇಕು. ಚಿಪ್ಪಿನ ಮೇಲೆ ಎರಡು ಅಕ್ಕಿಕಾಳಿನಷ್ಟು ಸಾಕು. ಸ್ಕ್ರೂ ಪಕ್ಕ 1, 2, 3, 4 ಎಂದು ಕೊರೆದಿರುತ್ತದೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಒಡೆಯಬಹುದು.

ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಲ್ಯಾಪ್‌ಟಾಪನ್ನು ಬಯ್ಯುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೂ ಹೀಗಾಗುತ್ತದೆ.

ವಾರಂಟಿಯಲ್ಲಿರುವ ಯಂತ್ರದ ಭಾಗ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ರೈಟ್ ಟು ರಿಪೇರ್ ಪೋರ್ಟಲ್‌ನಲ್ಲಿ ಕಂಪನಿಗಳ ಸರ್ವಿಸ್ ಮಾಹಿತಿ ಒಂದೆಡೆ ಸಿಗುತ್ತದೆ.

ಮುಂದೆ ಬೇಕಾದೀತೆಂದು ಬಿಡಿಭಾಗ ತಂದಿಡುವುದಾದರೆ ಕೀಬೋರ್ಡ್, ಚಾರ್ಜರ್ ತಂದಿಡಿ. ಬ್ಯಾಟರಿ ಮಾತ್ರ ಬೇಡ, ಅದು ಬೀರುವಿನಲ್ಲಿ ಕೂತೇ ಮುದಿಯಾಗುತ್ತದೆ.