‘ಲಗೂನ ಬರ್ರಿ’ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ನನ್ನ ಅನುಭವ

ವಿಜಯಪುರದ ಸ್ಟೇಷನ್ ರಸ್ತೆ ಹತ್ತಿರ ಒಂದು ಮಹಡಿ ಕೋಣೆ ಇದೆ. ಸಂಜೆ ಹೊತ್ತು ಅಲ್ಲಿ ನಾನು ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ. ಬರುವವರೆಲ್ಲ ಹೆಚ್ಚಾಗಿ ದುಡಿಯುವವರು. ಆಟೋ ಓಡಿಸುವವರು, ಲಾಡ್ಜಿನ ಕೌಂಟರಿನಲ್ಲಿ ಕೂರುವವರು, ನರ್ಸಿಂಗ್ ಓದುವ ಹುಡುಗಿಯರು, ಸೀರೆ ಅಂಗಡಿಯ ಒಬ್ಬ ಅಕ್ಕ, ಟಾಂಗಾ ಹೊಡೆಯುವ ಒಬ್ಬ ಹುಡುಗ.

ಒಂದು ದಿನ ಆ ಟಾಂಗಾ ಹುಡುಗ ಮುಖ ಸಣ್ಣ ಮಾಡಿಕೊಂಡು ಬಂದ. ಹಿಂದಿನ ದಿನ ಪರದೇಶದ ಗಂಡ ಹೆಂಡತಿಯನ್ನು ಊರು ಸುತ್ತಿಸಿದ್ದ. ಮರುದಿನ ಗೋಳಗುಮ್ಮಟ ನೋಡುವುದಿತ್ತು. ಜನ ಸೇರುವ ಮೊದಲೇ ಮೇಲೆ ಹತ್ತಿದರೆ ಪಿಸುಮಾತಿನ ಗ್ಯಾಲರಿಯ ಸೊಗಸು ಸಿಗುತ್ತದೆ ಅಂತ ಅವನಿಗೆ ಗೊತ್ತು. ಅದಕ್ಕೆ "ಟುಮಾರೋ ಕಮ್ ಫಾಸ್ಟರ್" ಅಂದಿದ್ದ. ಅವರು ತಲೆಯಾಡಿಸಿದರು. ಮರುದಿನ ಹತ್ತು ಗಂಟೆಗೇ ಬಂದರು, ಆದರೆ ಬಿಸಿಲಿನಲ್ಲಿ ದಡದಡ ಹೆಜ್ಜೆ ಹಾಕಿಕೊಂಡು ಬಂದರು. ಅಷ್ಟೊತ್ತಿಗೆ ಮೇಲೆ ಶಾಲೆ ಮಕ್ಕಳ ಗದ್ದಲ. ಅವರಿಗೆ ಕೂಗಾಟ ಬಿಟ್ಟು ಬೇರೇನೂ ಕೇಳಲಿಲ್ಲ.

"ಸರ್, ಫಾಸ್ಟರ್ ಅಂದೀನ್ರಿ. ಬೋರ್ಡಿನ ಮ್ಯಾಲೆ ನೀವು ಬರೆದಿದ್ದು ಅದೇ ಅಲ್ರೀ?" ಅಂದ.

ನಾನು ಬರೆದಿದ್ದು ಅದೇ. ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್. ಎರಡು ವರ್ಷ ಹಾಗೇ ಪಟ್ಟಿ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಅವನ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ತಪ್ಪು ಅದಕ್ಕೂ ಮೊದಲಿನ ಹಂತದಲ್ಲಿತ್ತು. ಅವನ ಮನಸ್ಸಿನಲ್ಲಿದ್ದ ಮಾತು "ನಾಳೆ ಇನ್ನೂ ಲಗೂನ ಬರ್ರಿ". ಈ ಲಗೂನ, ಜಲ್ದಿ, ಬೇಗ ಅನ್ನುವ ಮಾತುಗಳಲ್ಲಿ ನಾವು ಮೂರು ಬೇರೆ ಬೇರೆ ಅರ್ಥ ತುಂಬಿ ಇಟ್ಟಿದ್ದೇವೆ. ಇಂಗ್ಲಿಷ್ ಆ ಮೂರಕ್ಕೂ ಬೇರೆ ಬೇರೆ ಪದ ಕೇಳುತ್ತದೆ.

ಆ ರಾತ್ರಿಯೇ ಪಟ್ಟಿ ಬಿಟ್ಟೆ. ಮರುದಿನ ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ. ನೀವು ‘ಬೇಗ’ ಅಂದಾಗ ಕಣ್ಣಮುಂದೆ ಬರುವುದು ಗಡಿಯಾರವೋ, ಕಾಯುವ ದಿನಗಳೋ, ಕೈಕಾಲೋ?

ಗಡಿಯಾರವಾದರೆ ಅರ್ಲಿಯರ್. ಸೊಲ್ಲಾಪುರದ ಬಸ್ಸು ಆರಕ್ಕೆ ಬಿಡಬೇಕಿತ್ತು, ಐದೂವರೆಗೇ ಬಿಟ್ಟಿತು. ಅದು ಅರ್ಲಿಯರ್ ಹೊರಟಿತು. ಕಾಯುವುದಾದರೆ ಸೂನರ್. ಬ್ಲೌಸ್ ಹೊಲಿಯಲು ಟೇಲರ್ ಎಂಟು ದಿನ ಕೇಳಿದ, ನಮಗೆ ಮೂರೇ ದಿನದಲ್ಲಿ ಬೇಕು. "ಕ್ಯಾನ್ ಐ ಗೆಟ್ ಇಟ್ ಸೂನರ್?" ಕೈಕಾಲು ಅಥವಾ ಗಾಲಿಯ ವೇಗವಾದರೆ ಫಾಸ್ಟರ್. ಅವ್ವ ನನಗಿಂತ ಲಗೂನ ರೊಟ್ಟಿ ಬಡೀತಾಳೆ, ಅಂದರೆ ಕೈ ಜೋರು. "ಮೈ ಮದರ್ ಮೇಕ್ಸ್ ರೊಟ್ಟಿ ಫಾಸ್ಟರ್ ದ್ಯಾನ್ ಮಿ." ಅರ್ಲಿಯರ್‌ಗೂ ಸೂನರ್‌ಗೂ ನಡುವೆ ಕೆಲವು ಕಡೆ ಗೆರೆ ಅಷ್ಟು ಗಟ್ಟಿಯಾಗಿಲ್ಲ, ಎರಡೂ ನಡೆಯುತ್ತವೆ. ಆದರೆ ಫಾಸ್ಟರ್ ಅವುಗಳ ಜಾಗಕ್ಕೆ ಬರುವುದಿಲ್ಲ.

‘ತಡ’ ಅನ್ನುವುದಕ್ಕೂ ಇದೇ ಕಥೆ. ಗಡಿಯಾರದ ತಡ ಲೇಟರ್, ವೇಗ ಕಡಿಮೆಯಾದರೆ ಸ್ಲೋವರ್. ಈ ಲೇಟರ್ ಪದ ಎಲ್ಲರ ಬಾಯಲ್ಲೂ ಆಗಲೇ ಇದೆ, ಅಲ್ವಾ? "ಸೀ ಯು ಲೇಟರ್" ಅಂತ ದಿನಾ ಹೇಳುತ್ತೇವೆ. ಅದು ಲೇಟ್ ಪದದ ಹೋಲಿಕೆಯ ರೂಪ ಅಂತ ಹೇಳಿದಾಗ ಸೀರೆ ಅಂಗಡಿಯ ಅಕ್ಕನಿಗೆ ಖುಷಿಯಾಯಿತು. "ಹಂಗಾರ ನನಗ ಮೊದಲಿಂದಾನೂ ಬರತಿತ್ತು" ಅಂದರು.

ಎರಡನೇ ತೊಡಕು ಇನ್ನೂ ಆಳದ್ದು. ಕನ್ನಡದಲ್ಲಿ ಹೋಲಿಕೆಯ ಗಂಟು ಬೀಳುವುದು ಯಾರ ಜೊತೆ ಹೋಲಿಸುತ್ತೇವೋ ಅವರ ಮೇಲೆ. "ಅವನು ನನಗಿಂತ ಜೋರಾಗಿ ಓಡುತ್ತಾನೆ." ‘ಗಿಂತ’ ಬಂದು ‘ನನಗೆ’ ಅಂಟಿಕೊಂಡಿತು. ‘ಜೋರಾಗಿ’ ಇದ್ದ ಹಾಗೇ ಇದೆ, ಅದಕ್ಕೆ ಏನೂ ಆಗಲಿಲ್ಲ. ನಮ್ಮ ಕ್ಲಾಸಿನಲ್ಲಿ ಮನೆಮಾತು ಉರ್ದು ಇರುವವರಿದ್ದಾರೆ, ಮರಾಠಿ ಇರುವವರೂ ಇದ್ದಾರೆ. ಅಲ್ಲಿಯೂ ‘ಸೆ’, ‘ಪೇಕ್ಷಾ’ ಬರುವುದು ಆ ಕಡೆಯವನ ಮೇಲೆಯೇ. ಇಂಗ್ಲಿಷಿಗೆ ಮಾತ್ರ ಎರಡು ಕಡೆ ಗಂಟು ಬೇಕು. ದ್ಯಾನ್ ಒಂದು ಕಡೆ, ಹೇಗೆ ಓಡಿದ ಅನ್ನುವ ಪದದ ಮೇಲೆ ಇನ್ನೊಂದು. ಅದಕ್ಕೇ ನಮ್ಮವರು "ಹಿ ರನ್ಸ್ ಫಾಸ್ಟ್ ದ್ಯಾನ್ ಮಿ" ಅನ್ನುತ್ತಾರೆ. ಇದನ್ನು ಸುಮ್ನೆ ತಪ್ಪು ಅಂತ ಕೆಂಪು ಗೀಟು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅವರು ತಮ್ಮ ಭಾಷೆಯ ಲೆಕ್ಕದಲ್ಲಿ ಸರಿಯಾಗಿಯೇ ಕಟ್ಟಿದ್ದಾರೆ. ಎರಡನೇ ಗಂಟು ಎಲ್ಲಿ ಅಂತ ತೋರಿಸಿದರೆ ಸಾಕು.

ಆ ಎರಡನೇ ಗಂಟು ಎರಡು ಬಗೆ. ಚಿಕ್ಕ ಪದಗಳ ಬಾಲಕ್ಕೆ ‘ಅರ್’ ಬರುತ್ತದೆ. ಫಾಸ್ಟ್, ಹಾರ್ಡ್, ಸೂನ್, ಲೇಟ್, ಲಾಂಗ್, ಹೈ, ಲೌಡ್ ಹೀಗೆ ಒಂದು ಹತ್ತು ಪದ ನಾಲಿಗೆಗೆ ಹತ್ತಿದರೆ ದಿನದ ಕೆಲಸ ನಡೆಯುತ್ತದೆ. ‘ಲಿ’ ಬಾಲದವಕ್ಕೆ ಮುಂದೆ ಮೋರ್. ಮೋರ್ ಕೇರ್‌ಫುಲಿ, ಮೋರ್ ಕ್ಲಿಯರ್ಲಿ. ಅರ್ಲಿ ಮಾತ್ರ ‘ಲಿ’ ಇದ್ದರೂ ಅರ್ಲಿಯರ್ ಆಗುತ್ತದೆ. ಸ್ಲೋಲಿ ಬಗ್ಗೆ ನಾನು ಜಗಳ ಆಡುವುದಿಲ್ಲ. ಪರೀಕ್ಷೆಗೆ ಮೋರ್ ಸ್ಲೋಲಿ ಬರೆಯಿರಿ. ಮಾತಿನಲ್ಲಿ "ಡ್ರೈವ್ ಸ್ಲೋವರ್" ಅಂತ ಇಂಗ್ಲಿಷಿನವರೇ ಅನ್ನುತ್ತಾರೆ. ನಮ್ಮ ರಸ್ತೆಯ ಬೋರ್ಡುಗಳ ಮೇಲೂ "ಗೋ ಸ್ಲೋ" ಅಂತ ಇದೆ, "ಗೋ ಸ್ಲೋಲಿ" ಅಂತ ಇಲ್ಲ.

ನಮ್ಮ ‘ಚಲೋ’ಗೆ ಇಲ್ಲಿ ಒಂದು ಲಾಭ ಇದೆ. ಚಲೋ ಹುಡುಗಿ ಅನ್ನುತ್ತೇವೆ, ಚಲೋ ಹಾಡ್ತಾಳೆ ಅಂತಲೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಒಂದು ಗುಡ್, ಇನ್ನೊಂದು ವೆಲ್. ಹೋಲಿಸುವಾಗ ಎರಡೂ ಬೆಟರ್ ಆಗುತ್ತವೆ. ಕೆಟ್ಟದ್ದಕ್ಕೂ ಹಾಗೇ, ಎರಡಕ್ಕೂ ವರ್ಸ್.

ಹಾರ್ಡ್ ಪದದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ನರ್ಸಿಂಗ್ ಓದುವ ಒಬ್ಬ ಹುಡುಗಿ ಕೆಲಸದ ಸಂದರ್ಶನಕ್ಕೆ ಹೋಗಿ "ಐ ವರ್ಕ್ ಹಾರ್ಡ್ಲಿ" ಅಂದು ಬಂದಳು. ಕಷ್ಟಪಟ್ಟು ದುಡಿಯುತ್ತೇನೆ ಅನ್ನುವುದು ಅವಳ ಮನಸ್ಸಿನ ಮಾತು. ಕೇಳಿದವರಿಗೆ ಹೋಗಿದ್ದು ‘ನಾನು ಕೆಲಸ ಮಾಡುವುದೇ ಅಪರೂಪ’ ಅನ್ನುವ ಅರ್ಥ. ಎರಡು ಪಾಳಿ ಮಾಡಿ ಓದುತ್ತಿದ್ದ ಹುಡುಗಿ ಅವಳು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. "ಐ ವರ್ಕ್ ಹಾರ್ಡ್", "ಐ ಕ್ಯಾನ್ ವರ್ಕ್ ಹಾರ್ಡರ್". ಹೊಸಬರು ಬಂದ ಮೊದಲ ವಾರದಲ್ಲೇ ಈ ಎರಡು ಮಾತು ಹೇಳಿಸಿಬಿಡುತ್ತೇನೆ.

ಇನ್ನು ‘ಭಾಳ’. ನಮ್ಮ ಕಡೆ ಭಾಳ ಇಲ್ಲದೆ ಮಾತಿಲ್ಲ. ಅದಕ್ಕೆ "ವೆರಿ ಫಾಸ್ಟರ್", "ಮೋರ್ ಫಾಸ್ಟರ್" ಬಂದುಬಿಡುತ್ತದೆ. ಒತ್ತಿ ಹೇಳಬೇಕು ಅನ್ನುವ ಆಸೆ ನ್ಯಾಯವಾದದ್ದೇ. ಅದಕ್ಕೆ ಬೇರೆ ಪದ ಕೊಟ್ಟರೆ ಸಾಕು. ಭಾಳ ಜೋರಾಗಿ ಅಂದರೆ ಮಚ್ ಫಾಸ್ಟರ್, ಇನ್ನೂ ಜೋರಾಗಿ ಅಂದರೆ ಈವನ್ ಫಾಸ್ಟರ್, ಸ್ವಲ್ಪ ಅಂದರೆ ಎ ಬಿಟ್ ಫಾಸ್ಟರ್. ಈ ‘ಎ ಬಿಟ್’ ತುಂಬಾ ಕೆಲಸಕ್ಕೆ ಬರುತ್ತದೆ. "ಸ್ಪೀಕ್ ಮೋರ್ ಸ್ಲೋಲಿ" ಅಂದರೆ ಅಪ್ಪಣೆ ಕೊಟ್ಟ ಹಾಗೆ. "ಕುಡ್ ಯು ಸ್ಪೀಕ್ ಎ ಬಿಟ್ ಮೋರ್ ಸ್ಲೋಲಿ, ಪ್ಲೀಸ್?" ಅಂದರೆ ನಾವು ‘ರೀ’ ಹಚ್ಚಿ ಮಾತಾಡಿದ ಹಾಗೆ. ಲಾಡ್ಜಿನ ಹುಡುಗರು ಈ ಒಂದು ವಾಕ್ಯದಿಂದಲೇ ಎಷ್ಟೋ ಫೋನ್ ಕರೆ ನಿಭಾಯಿಸುತ್ತಾರೆ.

ಮಾತಾಡುವಾಗ ಹೋಲಿಕೆಯ ರೂಪ ನೆನಪಿಗೆ ಬರದೇ ಹೋದರೆ? ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. "ಅವನು ನಿನ್ನಷ್ಟು ಹುಷಾರಾಗಿ ಓಡಿಸಲ್ಲ" ಅನ್ನುತ್ತೇವಲ್ಲ, ಆ ‘ಅಷ್ಟು’ ಇಂಗ್ಲಿಷಿನ ಆಸ್–ಆಸ್ ಜೋಡಿಯ ಹತ್ತಿರದ ನೆಂಟ. "ಹಿ ಡಸಂಟ್ ಡ್ರೈವ್ ಆಸ್ ಕೇರ್‌ಫುಲಿ ಆಸ್ ಯು." ನಡುವಿನ ಪದ ಬದಲಾಗುವುದೇ ಇಲ್ಲ, ಕನ್ನಡದಲ್ಲಿ ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನವರೂ ದಿನದ ಮಾತಿನಲ್ಲಿ "ಲೆಸ್ ಕೇರ್‌ಫುಲಿ" ಅನ್ನುವುದಕ್ಕಿಂತ ಇದನ್ನೇ ಜಾಸ್ತಿ ಬಳಸುತ್ತಾರೆ. ಪುಸ್ತಕಗಳು ಇದನ್ನು ಕೊನೆಗೆ ಇಡುತ್ತವೆ. ಕನ್ನಡದ ಮಕ್ಕಳಿಗೆ ಇದನ್ನೇ ಮೊದಲು ಕಲಿಸಬೇಕು ಅಂತ ನನ್ನ ಅನಿಸಿಕೆ. "ಆಸ್ ಸೂನ್ ಆಸ್ ಪಾಸಿಬಲ್" ಕೂಡ ಇದೇ ಜೋಡಿ, ‘ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ’.

ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ದಿನಾ ಕಣ್ಣಿಗೆ ಬೀಳುವ ಗುಮ್ಮಟ, ಆದರೆ ನರ್ಸಿಂಗ್ ಹುಡುಗಿಯರಲ್ಲಿ ಇಬ್ಬರು ಮೇಲೆ ಹತ್ತಿರಲೇ ಇಲ್ಲ. 1656ರಲ್ಲಿ ಮುಗಿದ ಕಟ್ಟಡ, ಮಹಮ್ಮದ್ ಆದಿಲ್ ಶಾಹನ ಗೋರಿ. ಹೊರಗಿನಿಂದ ಅಳೆದರೆ ಗುಮ್ಮಟ ಸುಮಾರು 44 ಮೀಟರ್ ಅಗಲ. ಗ್ಯಾಲರಿಯ ಈ ಬದಿ ಒಬ್ಬರು, ಆ ಬದಿ ಒಬ್ಬರು ಗೋಡೆಗೆ ಮುಖ ಮಾಡಿ ನಿಂತರು. ಕೂಗಿದರೆ ಪ್ರತಿಧ್ವನಿ ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಪಿಸುಗುಟ್ಟಿದರೆ ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಬರುತ್ತದೆ. ಈ ಕಡೆಯವರು "ಎ ಬಿಟ್ ಮೋರ್ ಸಾಫ್ಟ್ಲಿ" ಅನ್ನಬೇಕು, ಆ ಕಡೆಯವರು ದನಿ ಇಳಿಸಿ "ಕ್ಯಾನ್ ಯು ಹಿಯರ್ ಮಿ ಬೆಟರ್ ನೌ?" ಅಂತ ಕೇಳಬೇಕು. "ಯೆಸ್, ಮಚ್ ಮೋರ್ ಕ್ಲಿಯರ್ಲಿ." ಸೀರೆ ಅಂಗಡಿಯ ಅಕ್ಕ ಈ ಉತ್ತರವನ್ನು ನಾಲ್ಕು ಸಲ ಕೊಟ್ಟರು, ನಾಲ್ಕು ಸಲವೂ ಸರಿಯಾಗಿ. ಕ್ಲಾಸಿನಲ್ಲಿ ಅವರಿಗೆ ಅದು ಒಂದು ತಿಂಗಳಿಂದ ಬಂದಿರಲಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತಾದ ಮೇಲೆ ಬಾಯಿಗೆ ಪದ ತಾನಾಗಿ ಬಂತು.

ಕೆಳಗೆ ಇಳಿದಾಗ ಗೇಟಿನ ಹತ್ತಿರ ಟಾಂಗಾ ಹುಡುಗ ಇಬ್ಬರು ಪ್ರವಾಸಿಗರ ಜೊತೆ ಮರುದಿನದ ಮಾತು ಆಡುತ್ತಿದ್ದ. ನಾನು ದೂರದಲ್ಲೇ ನಿಂತೆ. "ಕಮ್ ಅರ್ಲಿಯರ್, ಸರ್. ದಿ ಅರ್ಲಿಯರ್, ದ ಬೆಟರ್." ಅವರು ಎಷ್ಟು ಗಂಟೆಗೆ ಅಂತ ಕೇಳಿದರು. ಅವನು ಗೇಟು ತೆರೆಯುವ ಹೊತ್ತು ಹೇಳಿದ. ಆಮೇಲೆ ನನ್ನ ಹತ್ತಿರ ಬಂದು, "ಸರ್, ಕುದುರೆಗೆ ಮೆಲ್ಲಗ ಹೋಗು ಅನ್ನೋದನ್ನೂ ಕೇಳಿದ್ರು ಅವರು. ಎ ಬಿಟ್ ಸ್ಲೋವರ್ ಅಂದೆ, ಆತಲ್ರೀ?" ಅಂದ.

ಆತು ಅಂದೆ.