‘ಹಳೇ ಮಾನಸಿಕ ರೋಗಿ’ ಎಂಬ ಚೀಟಿ

ಬೇಸಿಗೆಯ ಒಂದು ರಾತ್ರಿ ಅರವತ್ತು ದಾಟಿದ ತಾಯಿಯೊಬ್ಬರನ್ನು ಮಗ, ಸೊಸೆ ನಮ್ಮ ಜಿಲ್ಲಾಸ್ಪತ್ರೆಯ ಕ್ಯಾಶುವಾಲಿಟಿಗೆ ಕರೆತಂದರು. ಬೇರೊಂದು ಆಸ್ಪತ್ರೆಯ ಚೀಟಿಯಲ್ಲಿ ಒಂದೇ ಸಾಲು: ಹಳೇ ಮಾನಸಿಕ ರೋಗಿ, ಮನೋವೈದ್ಯರಿಗೆ ತೋರಿಸಿ. ನಾಡಿ ಎಷ್ಟು, ಬಿಪಿ ಎಷ್ಟು, ಒಂದನ್ನೂ ಬರೆದಿರಲಿಲ್ಲ.

“ಹದಿನೈದು ವರ್ಷದ ಕಾಯಿಲೆ ಡಾಕ್ಟ್ರೇ, ಮತ್ತೆ ಕೆರಳಿದೆ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ” ಅಂದ ಮಗ.

ಹೊಸದರಲ್ಲಿ ನಾನೂ ಹಾಗೆ ಮಲಗಿಸಿದ್ದೇನೆ. ಪೊಲೀಸರು ಬಸ್‌ಸ್ಟ್ಯಾಂಡಿನಿಂದ ಕರೆತಂದ ಹುಡುಗನೊಬ್ಬ ಎಲ್ಲರನ್ನೂ ಬೈಯುತ್ತ ಒದ್ದಾಡುತ್ತಿದ್ದ. ಕೆರಳಿದವರನ್ನು ಶಾಂತಗೊಳಿಸುವ ಹಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟೆ. ಆಮೇಲೆ ಸಿಸ್ಟರ್ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 38, ತೀರಾ ಕಡಿಮೆ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟಿದ್ದನಂತೆ. ಅಂದಿನಿಂದ ಯಾರೇ ಕೂಗಾಡುತ್ತ ಬರಲಿ, ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದರೂ ಸರಿ, ಮೊದಲು ಸಕ್ಕರೆ, ಜ್ವರ, ನಾಡಿ, ಬಿಪಿ, ಆಕ್ಸಿಜನ್ ನೋಡುತ್ತೇನೆ.

ಆ ತಾಯಿಗೆ ಇವೆಲ್ಲ ಹೆಚ್ಚುಕಮ್ಮಿ ಸರಿಯಿದ್ದವು, ನಾಡಿ ಮಾತ್ರ ಜೋರು. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಅಮ್ಮಾ ಅಂದೆ. “ಭಾನುವಾರ, ಶನಿವಾರ...” ಅಷ್ಟರಲ್ಲೇ ಮಂಪರು. ಉನ್ಮಾದ ಕೆರಳಿದವರು ಹೀಗೆ ತೂಕಡಿಸುವುದಿಲ್ಲ. ಮಾತು ಹೊಳೆಯಂತೆ ಹರಿಯುತ್ತದೆ, ತಾವೆಲ್ಲಿದ್ದೇವೆ ಎಂಬ ಅರಿವು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಎಚ್ಚರವೇ ಏರಿಳಿಯುತ್ತಿದ್ದರೆ ನನ್ನ ಗುಮಾನಿ ಮೊದಲು ದೇಹದ ಮೇಲೆ. ಮೂಳೆ ವಾರ್ಡಿನಲ್ಲಿ ಕಾಲು ಮುರಿದು ಮಲಗಿದವನು ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂದಾಗಲೂ ಅಷ್ಟೇ: ಹುಚ್ಚು ಅನ್ನುವ ಮೊದಲು ಕುಡಿತ ನಿಂತು ಎಷ್ಟು ದಿನವಾಯಿತು ಎಂದು ಕೇಳಬೇಕು.

ಆಕೆಯ ಕೈ ದಪ್ಪಗೆ ನಡುಗುತ್ತಿತ್ತು, ನಾಲಿಗೆ ಒಣಗಿತ್ತು. ಮಾತ್ರೆ ಎತ್ತಿಕೊಡುವವರು ಯಾರು ಎಂದು ಕೇಳಿದೆ. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಸೊಸೆ ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಲಿಥಿಯಂ, ಉನ್ಮಾದ ಮರುಕಳಿಸದಂತೆ ಕೊಡುವ ಮಾತ್ರೆ. ಜೊತೆಗೆ, ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್. “ನಾಲ್ಕು ದಿನದಿಂದ ಅತ್ತೆಗೆ ಭೇದಿ ಆಗ್ತಿತ್ತು. ಆದ್ರೂ ಮಾತ್ರೆ ಒಂದೂ ತಪ್ಪಿಸಿಲ್ಲ ಡಾಕ್ಟ್ರೇ” ಅಂದಳು. ಅವಳ ಆ ಶ್ರದ್ಧೆ ಕಂಡು ಸಂಕಟವಾಯಿತು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಒಳಗೇ ಇಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಹೀಗೆ ಮೈಯಲ್ಲಿ ಹೆಚ್ಚಾದ ಲಿಥಿಯಂ ವಿಷವಾಗುತ್ತದೆ.

ಹೊರಗಿನ ಲ್ಯಾಬಿನ ವರದಿಗೆ ಕಾಯದೆ ಲಿಥಿಯಂ ನಿಲ್ಲಿಸಿ ಸಲೈನ್ ಹಾಕಿಸಿದೆ, ಡಯಾಲಿಸಿಸ್‌ನವರನ್ನು ಎಬ್ಬಿಸಿದೆ. ಬೆಳಿಗ್ಗೆ ಬಂದ ವರದಿಯಲ್ಲಿ ರಕ್ತದ ಲಿಥಿಯಂ ಮಟ್ಟ 3.1, ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರಬೇಕಾದದ್ದು. ಆ ರಾತ್ರಿ ನಿದ್ದೆ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಹಾಗೆಂದು ಬಂದವರಿಗೆಲ್ಲ ಸಿಟಿ ಸ್ಕ್ಯಾನ್, ಹತ್ತು ಬಗೆಯ ರಕ್ತ ಪರೀಕ್ಷೆ ಬರೆಯುವುದಿಲ್ಲ. ಗೊತ್ತಿರುವ ಕಾಯಿಲೆ ಮೊದಲಿನ ರೀತಿಯಲ್ಲೇ ಮರುಕಳಿಸಿದ್ದು, ಎಚ್ಚರ ಸರಿಯಿದ್ದು, ಮೈ ಪರೀಕ್ಷೆಯಲ್ಲೂ ಏನೂ ಸಿಗದ ಯುವಕನನ್ನು ಲ್ಯಾಬಿನ ಮುಂದೆ ಐದು ಗಂಟೆ ಕೂರಿಸುವುದು ಅವನಿಗೆ ಹಿಂಸೆ. ದೇಹಕ್ಕೇನೂ ತೊಂದರೆಯಿಲ್ಲ ಎನ್ನುವ ‘ಮೆಡಿಕಲಿ ಫಿಟ್’ ಎಂಬ ಸೀಲಿಗಿಂತ ನಾನು ಏನು ನೋಡಿದೆ, ಏನು ಕಂಡೆ ಎಂದು ಬರೆದ ನಾಲ್ಕು ಸಾಲು ಮನೋವೈದ್ಯರಿಗೆ ಹೆಚ್ಚು ಉಪಯೋಗ.

ಎಂಟನೇ ದಿನ ಆ ತಾಯಿ ಸೊಸೆಯ ಕೈ ಹಿಡಿದು ನಡೆದರು. ನಡುಕ ಪೂರ್ತಿ ಹೋಗಿರಲಿಲ್ಲ. ಮುಂದೆ ಯಾವ ಮಾತ್ರೆ ಎಂಬುದನ್ನು ಮನೋವೈದ್ಯರು ತೀರ್ಮಾನಿಸಿದರು. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ನಾನೊಂದು ಚೀಟಿ ಅಂಟಿಸಿದೆ, ದಪ್ಪಕ್ಷರದಲ್ಲಿ: “ವಾಂತಿ, ಭೇದಿ ಆದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಕೇಳದೆ ನೋವಿನ ಮಾತ್ರೆ ಬೇಡ.”